ಅಗ್ಗದ ಪೆಡಲ್‌ಗಳನ್ನು ನಾನು ಕೊಂಡ ಬಗೆ

ಗಿಟಾರ್‌ಗೆ ಎಫೆಕ್ಟ್ ಪೆಡಲ್, ಅಂದರೆ ಕಾಲಿನಿಂದ ಒತ್ತಿ ಸದ್ದಿನ ಬಗೆ ಬದಲಿಸುವ ಪುಟ್ಟ ಪೆಟ್ಟಿಗೆ, ಬೇಕು ಅನ್ನಿಸಿದಾಗ ನನ್ನ ಕೈಯಲ್ಲಿ ಹೆಚ್ಚು ಹಣ ಇರಲಿಲ್ಲ. ಹಾಗಾಗಿ ಯಾವುದನ್ನೂ ಕೊಳ್ಳುವ ಮೊದಲು, ಅಗ್ಗದ ಪೆಡಲ್‌ಗೂ ದುಬಾರಿ ಪೆಡಲ್‌ಗೂ ಒಳಗೆ ಏನು ವ್ಯತ್ಯಾಸ ಅಂತ ತಿಳಿದುಕೊಳ್ಳಲು ಕೂತೆ. ಅದು ತಿಳಿದ ಮೇಲೆ ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಅನ್ನುವುದು ಸುಲಭವಾಯಿತು.

ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್ ಈ ಮೂರೂ ಗಿಟಾರ್ ಸಿಗ್ನಲ್ಲಿನ ಅಲೆಯ ತುದಿಗಳನ್ನು ಕತ್ತರಿಸಿ ಸದ್ದನ್ನು ಒರಟಾಗಿಸುವ ಪೆಡಲ್‌ಗಳು. ಇವುಗಳ ಮೂಲ ಸರ್ಕ್ಯೂಟ್‌ಗಳು ಬಹಳ ಹಳೆಯವು. ಫಜ್ ಫೇಸ್ ಪೆಡಲ್ ಬಂದದ್ದು 1966ರಲ್ಲಿ, ಬಿಗ್ ಮಫ್ ಆ ದಶಕದ ಕೊನೆಯಲ್ಲಿ, ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 1978ರಲ್ಲಿ, ಐಬನೀಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಸುಮಾರು ಅದೇ ಹೊತ್ತಿಗೆ. ಒಳಗೆ ಇರುವುದು ಕೆಲವು ಟ್ರಾನ್ಸಿಸ್ಟರ್ ಅಥವಾ ಸಿಗ್ನಲ್ಲನ್ನು ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್, ಹೆಚ್ಚಿನವುಗಳಲ್ಲಿ ಕೆಲವು ಡಯೋಡ್, ಒಂದಷ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್. ಟ್ಯೂಬ್ ಸ್ಕ್ರೀಮರ್‌ನಲ್ಲಿ ಕೂತಿರುವ 4558 ಚಿಪ್ ಎಲ್ಲ ಕಡೆ ಸಿಗುವ ಮಾಮೂಲಿ ಚಿಪ್. ಬಿಡಿಭಾಗಗಳು ಇಷ್ಟು ಅಗ್ಗವಾಗಿರುವುದರಿಂದಲೇ ಬೆಹ್ರಿಂಗರ್, ಜೋಯೋ, ಡಾನರ್ ಮುಂತಾದ ಕಂಪನಿಗಳಿಗೆ ಅದೇ ಹಳೆಯ ಸರ್ಕ್ಯೂಟ್‌ಗಳ ಜಾಡಿನಲ್ಲಿ ಕಡಿಮೆ ಬೆಲೆಯ ಪೆಡಲ್ ಮಾಡಲು ಸಾಧ್ಯವಾಗಿದೆ. ಬೆಹ್ರಿಂಗರ್‌ನ ಟಿಒ800 ಕೇಳಿದರೆ ಅದು ಟ್ಯೂಬ್ ಸ್ಕ್ರೀಮರ್ ವಂಶದ್ದು ಅಂತ ಕೂಡಲೇ ಗೊತ್ತಾಗುತ್ತದೆ.

ಹಾಗಾದರೆ ತಯಾರಕರು ಉಳಿತಾಯ ಮಾಡುವುದು ಎಲ್ಲಿ? ಹೊರಗಡೆ. ಲೋಹದ ಬದಲು ಪ್ಲಾಸ್ಟಿಕ್ ಪೆಟ್ಟಿಗೆ, ತೆಳುವಾದ ಜಾಕ್, ಸಡಿಲ ನಾಬ್, ಬೇಗ ಸವೆಯುವ ಕಾಲ್ಸ್ವಿಚ್. ಮನೆಯಲ್ಲಿ ಕೂತು ಕಲಿಯುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ವಾರಕ್ಕೊಮ್ಮೆ ವೇದಿಕೆ ಏರುವವರ ಮಾತು ಬೇರೆ. ಬೂಟುಕಾಲಿನಲ್ಲಿ ಒತ್ತಿಸಿಕೊಳ್ಳುವ ಪೆಡಲ್ ಗಟ್ಟಿಯಾಗಿಯೇ ಇರಬೇಕು. ನನಗೆ ಬೇಕಿದ್ದದ್ದು ಸದ್ದು. ಹಾಗಾಗಿ ಅಗ್ಗದ್ದನ್ನೇ ಕೊಳ್ಳುವುದು ಅಂತ ತೀರ್ಮಾನಿಸಿದೆ.

ನಾನು ಮೊದಲು ಕೊಂಡದ್ದು ಪೆಡಲ್ ಅಲ್ಲ, ಪವರ್ ಸಪ್ಲೈ. ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರ ಪೆಡಲ್‌ಗಳು ಕೆಟ್ಟ ಸದ್ದು ಮಾಡುವುದಕ್ಕೂ ಸುಟ್ಟುಹೋಗುವುದಕ್ಕೂ ಬಹಳ ಸಲ ಇದೇ ಕಾರಣ. ಹೆಚ್ಚಿನ ಪೆಡಲ್‌ಗಳಿಗೆ ಬೇಕಿರುವುದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುಭಾಗ ಪಾಸಿಟಿವ್ ಇರುತ್ತದೆ. ಪಿನ್ನು ಸರಿಯಾಗಿ ಕೂರುತ್ತದೆ, ಆದರೆ ವಿದ್ಯುತ್ತು ಉಲ್ಟಾ ಹರಿಯುತ್ತದೆ. ಕೆಲವು ಪೆಡಲ್‌ಗಳಲ್ಲಿ ಅದನ್ನು ತಡೆಯುವ ಡಯೋಡ್ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಅಡಾಪ್ಟರ್ ಮೇಲೆ ಮುದ್ರಿಸಿರುವ, ವೃತ್ತದೊಳಗೆ ಚುಕ್ಕಿಯಿರುವ ಚಿಕ್ಕ ಚಿತ್ರವನ್ನೂ ಪೆಡಲ್ ಮೇಲಿನ ಅದೇ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡದೆ ನಾನು ಇವತ್ತಿಗೂ ಯಾವುದನ್ನೂ ಜೋಡಿಸುವುದಿಲ್ಲ.

ವೋಲ್ಟೇಜ್ ಹೊಂದಿಕೆಯಾಗಲೇಬೇಕು. ಕರೆಂಟ್ ಮಾತ್ರ ಹೆಚ್ಚಿದ್ದರೆ ಪರವಾಗಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮಾಮೂಲಿ ಓವರ್‌ಡ್ರೈವ್‌ಗೆ 10 ಮಿಲಿಆಂಪಿಯರ್ ಆಸುಪಾಸು ಸಾಕು. ದೊಡ್ಡ ಕೋಣೆಯ ಅನುರಣನ ಕೊಡುವ ಡಿಜಿಟಲ್ ರಿವರ್ಬ್ ಒಂದೇ 100 ಮಿಲಿಆಂಪಿಯರ್ ದಾಟಬಹುದು. ನನ್ನ ಪೆಡಲ್‌ಗಳ ಮೇಲೆ ಬರೆದಿರುವ ಸಂಖ್ಯೆಗಳನ್ನೆಲ್ಲ ಕೂಡಿಸಿ, ಅದಕ್ಕಿಂತ ಧಾರಾಳವಾಗಿ ಕೊಡುವ ಸಪ್ಲೈ ಆರಿಸಿದೆ. ಒಂದೇ ಅಡಾಪ್ಟರ್‌ನಿಂದ ಕವಲೊಡೆದ ತಂತಿಯಲ್ಲಿ ಎಲ್ಲ ಪೆಡಲ್‌ಗೂ ವಿದ್ಯುತ್ ಕೊಡುವುದು ಅಗ್ಗದ ದಾರಿ, ಬರೀ ಅನಲಾಗ್ ಪೆಡಲ್‌ಗಳಿದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನಡುವೆ ಒಂದು ಡಿಜಿಟಲ್ ಪೆಡಲ್ ಸೇರಿದರೆ ಅದರ ಒಳಗಿನ ಗಡಿಯಾರದ ಮಿಡಿತ ಆ ತಂತಿಯ ಮೂಲಕವೇ ಡಿಸ್ಟಾರ್ಷನ್‌ಗೆ ನುಗ್ಗಿ, ಕುಯ್ಯೋ ಅನ್ನುವ ಸಣ್ಣ ಸದ್ದಾಗಿ ಆಂಪ್‌ನಲ್ಲಿ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್‌ನಲ್ಲಿ) ಕೇಳಿಸುತ್ತದೆ. ಪ್ರತಿ ಕಿಂಡಿಯೂ ಬೇರೆಬೇರೆಯಾಗಿ ಪ್ರತ್ಯೇಕಗೊಂಡಿರುವ ಸಪ್ಲೈ ಇದಕ್ಕೆ ಪರಿಹಾರ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಲು ಒಂದು ಸರಳ ಉಪಾಯವಿದೆ: ಡ್ರೈವ್ ಪೆಡಲ್‌ಗೆ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಸದ್ದು ಮಾಯವಾದರೆ ಪೆಡಲ್‌ನದು ತಪ್ಪಿಲ್ಲ, ಅಡಾಪ್ಟರ್ ಬದಲಿಸಬೇಕು. ಪುಟ್ಟ ಮಿನಿ ಪೆಡಲ್‌ಗಳಲ್ಲಿ ಬ್ಯಾಟರಿಗೆ ಜಾಗವೇ ಇರುವುದಿಲ್ಲ ಅನ್ನುವುದು ನೆನಪಿರಲಿ.

ಮೊದಲ ಪೆಡಲ್ ಆಗಿ ಓವರ್‌ಡ್ರೈವ್ ಆರಿಸಿಕೊಂಡೆ. ಶ್ರುತಿ ನೋಡಲು ಗಿಟಾರ್ ತಲೆಗೆ ಸಿಕ್ಕಿಸುವ ಟ್ಯೂನರ್ ಇತ್ತು, ಅದಕ್ಕಾಗಿ ಪೆಡಲ್ ಬೇಕಿರಲಿಲ್ಲ. ಡಿಸ್ಟಾರ್ಷನ್ ಬಿಟ್ಟು ಓವರ್‌ಡ್ರೈವ್ ಏಕೆ ಅಂದರೆ, ಅದು ಬೆರಳಿನ ಮಾತು ಕೇಳುತ್ತದೆ. ಟ್ಯೂಬ್ ಸ್ಕ್ರೀಮರ್ ಬಗೆಯ ಸರ್ಕ್ಯೂಟ್‌ನಲ್ಲಿ ಡಯೋಡ್‌ಗಳು ಆಪ್-ಆಂಪ್‌ನ ಹಿಮ್ಮರಳುವ ದಾರಿಯಲ್ಲಿ ಕೂತಿರುತ್ತವೆ, ಹಾಗಾಗಿ ಅಲೆಯ ತುದಿ ಮೆಲ್ಲಗೆ ಬಾಗುತ್ತದೆ. ಮೆತ್ತಗೆ ಮೀಟಿದರೆ ಬಹುಪಾಲು ಸ್ವಚ್ಛ ನಾದ, ಜೋರಾಗಿ ಮೀಟಿದರೆ ಗಡಸು. ಗಿಟಾರ್‌ನ ವಾಲ್ಯೂಮ್ ನಾಬನ್ನು ಸ್ವಲ್ಪ ಇಳಿಸಿದರೂ ಸದ್ದು ತಿಳಿಯಾಗುತ್ತದೆ. ಡಿಎಸ್-1ರಂಥ ಡಿಸ್ಟಾರ್ಷನ್‌ನಲ್ಲಿ ಡಯೋಡ್‌ಗಳು ಸಿಗ್ನಲ್ಲನ್ನು ನೇರ ಗ್ರೌಂಡ್‌ಗೆ ತಳ್ಳುವುದರಿಂದ ಕತ್ತರಿ ಒರಟು. ಅದರದ್ದೂ ಸೊಗಸಾದ ಸದ್ದೇ. ಆದರೆ ಮೀಟುವ ಕೈಯ ಏರಿಳಿತ ಕಲಿಯುತ್ತಿರುವವರಿಗೆ ಆ ಏರಿಳಿತವನ್ನು ತೋರಿಸುವ ಪೆಡಲ್ ಮೊದಲು ಬರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪೆಡಲ್‌ಗಳನ್ನು ಹೋಲಿಸುವಾಗ ನಾನು ಒಂದು ನಿಯಮ ಪಾಲಿಸಿದೆ. ಪೆಡಲ್ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಸದ್ದಿನ ಮಟ್ಟ ಒಂದೇ ಇರುವಂತೆ ಲೆವೆಲ್ ನಾಬನ್ನು ಹೊಂದಿಸಿ, ಆಮೇಲೆ ಕೇಳುವುದು. ನಮ್ಮ ಕಿವಿಗೆ ಜೋರಾದದ್ದೇ ಚೆಂದ ಅನ್ನಿಸುತ್ತದೆ. ಸ್ವಲ್ಪ ಜೋರಿರುವ ಪೆಡಲ್, ನಾದದಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲದಿದ್ದರೂ ಗೆದ್ದುಬಿಡುತ್ತದೆ. ಮಟ್ಟ ಸಮ ಮಾಡಿದ ಮೇಲೆ ಅಗ್ಗದ್ದಕ್ಕೂ ದುಬಾರಿಯದಕ್ಕೂ ನಡುವೆ ನನಗೆ ಕೇಳಿಸಿದ ಅಂತರ ಎಷ್ಟೋ ಕಡಿಮೆಯಾಯಿತು. ಜೊತೆಗೆ ನನ್ನದೇ ಗಿಟಾರ್ ಒಯ್ದು, ಮನೆಯಲ್ಲಿರುವಂಥ ಸಣ್ಣ ಆಂಪ್‌ನಲ್ಲೇ ಕೇಳಿದೆ. ದೊಡ್ಡ ವಾಲ್ವ್ ಆಂಪ್‌ನಲ್ಲಿ ಏನನ್ನು ಹಾಕಿದರೂ ತುಂಬಿದ ಸದ್ದೇ ಬರುತ್ತದೆ.

ಹೆಡ್‌ಫೋನ್‌ನಲ್ಲೇ ನುಡಿಸುವವರಿಗೆ ಈ ದಾರಿ ಹೊಂದುವುದಿಲ್ಲ ಅನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಜ್‌ಗಿಂತ ಮೇಲಿನ ಸ್ವರಾಂಶಗಳನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗುವುದೇ ಆ ಸೋಸುವಿಕೆಯಿಂದ. ಪೆಡಲ್‌ನಿಂದ ನೇರ ಹೆಡ್‌ಫೋನ್‌ಗೆ ಹೋದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಅಂಥವರಿಗೆ ಸ್ಪೀಕರಿನ ಅನುಕರಣೆಯೂ ಸೇರಿರುವ ಅಗ್ಗದ ಮಲ್ಟಿ-ಎಫೆಕ್ಟ್ಸ್, ಅಂದರೆ ಹಲವು ಎಫೆಕ್ಟ್‌ಗಳು ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ, ಒಂದೇ ಸಾಕು, ಬಿಡಿ ಪೆಡಲ್‌ಗಳ ಗೋಜು ಬೇಡ.

ಎರಡನೆಯದು ಡಿಲೇ, ಅಂದರೆ ನುಡಿಸಿದ್ದನ್ನು ಪ್ರತಿಧ್ವನಿಯಾಗಿ ಮರಳಿಸುವ ಪೆಡಲ್. ಅಗ್ಗದ ಡಿಲೇಗಳಲ್ಲಿ ಬಹಳಷ್ಟು ಪಿಟಿ2399 ಅನ್ನುವ ಚಿಪ್ ಮೇಲೆ ನಿಂತಿವೆ, ಕ್ಯಾರಿಯೋಕೆ ಯಂತ್ರಗಳ ಪ್ರತಿಧ್ವನಿಗೂ ಇದೇ ಚಿಪ್ ಬಳಕೆಯಾಗುತ್ತದೆ. ಸುಮಾರು 340 ಮಿಲಿಸೆಕೆಂಡ್‌ವರೆಗೆ ಇದು ಚೊಕ್ಕವಾಗಿ ಕೆಲಸ ಮಾಡುತ್ತದೆ. ಅದರಾಚೆ ಎಳೆದಷ್ಟೂ ಪ್ರತಿಧ್ವನಿ ಮಸುಕಾಗಿ, ಜೊತೆಗೆ ಒಂದು ಹಿಸ್ ಸದ್ದು ಸೇರಿಕೊಳ್ಳುತ್ತದೆ. ನನಗೆ ಆ ಮಸುಕು ಬಹಳ ಇಷ್ಟ. ನುಡಿಸುತ್ತಿರುವ ಸ್ವರ ಮುಂದೆ ನಿಲ್ಲುತ್ತದೆ, ಪ್ರತಿಧ್ವನಿ ಹಿಂದೆ ಸರಿದು ಕೂರುತ್ತದೆ. ಸ್ಫಟಿಕದಂಥ ದೀರ್ಘ ಪ್ರತಿಧ್ವನಿ ಬೇಕಿದ್ದವರು ಮಾತ್ರ ಪೂರ್ಣ ಡಿಜಿಟಲ್ ಡಿಲೇ ಹುಡುಕಬೇಕು. ಪೆಟ್ಟಿಗೆಯ ಮೇಲಿನ ‘ಅನಲಾಗ್’ ಅನ್ನುವ ಪದ ನೋಡಿ ಆರಿಸುವ ಬದಲು, ಸಮಯದ ನಾಬನ್ನು ಕೊನೆಯವರೆಗೂ ತಿರುಗಿಸಿ ಆ ಸದ್ದು ನಿಮಗೆ ಒಗ್ಗುತ್ತದೆಯೇ ನೋಡಿ.

ಜೋಡಿಸುವ ಕ್ರಮದಲ್ಲಿ ಗಿಟಾರ್‌ನಿಂದ ಮೊದಲು ಓವರ್‌ಡ್ರೈವ್, ಆಮೇಲೆ ಒಂದೇ ನಾದವನ್ನು ಹಲವರು ನುಡಿಸಿದಂತೆ ಕೇಳಿಸುವ ಕೋರಸ್‌ನಂಥವು, ಕೊನೆಗೆ ಡಿಲೇ, ರಿವರ್ಬ್. ಡಿಲೇ ಮೊದಲಿದ್ದರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಡ್ರೈವ್‌ಗೆ ನುಗ್ಗಿ ಕಲಸಿಹೋಗುತ್ತವೆ.

ಅಗ್ಗದ ಪೆಡಲ್‌ಗಳ ಮೇಲೆ ‘ಟ್ರೂ ಬೈಪಾಸ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪೆಡಲ್ ಆಫ್ ಇದ್ದಾಗ ಸಿಗ್ನಲ್ ಅದರ ಸರ್ಕ್ಯೂಟನ್ನು ಮುಟ್ಟದೆ ನೇರ ದಾಟಿಹೋಗುತ್ತದೆ ಅಂತ ಅದರ ಅರ್ಥ. ಒಳ್ಳೆಯದೇ, ಆದರೆ ಎಲ್ಲವೂ ಟ್ರೂ ಬೈಪಾಸ್ ಆಗಿದ್ದರೆ ಗಿಟಾರ್‌ನ ದುರ್ಬಲ ಸಿಗ್ನಲ್ ಒಂದೇ ಅಷ್ಟೂ ಕೇಬಲ್ಲನ್ನು ತಳ್ಳಿಕೊಂಡು ಹೋಗಬೇಕು. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ, ಉದ್ದ ಬೆಳೆದಂತೆ ಮೇಲಿನ ಸ್ವರಾಂಶಗಳು ಸೋರಿ ನಾದ ಮಂಕಾಗುತ್ತದೆ. ಹಾಗಾಗಿ ಸಾಲಿನಲ್ಲಿ ಎಲ್ಲಾದರೂ ಮುಂದೆಯೇ ಬಫರ್ (ಸಿಗ್ನಲ್ಲಿಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್) ಇರುವ ಒಂದು ಪೆಡಲ್ ಬೇಕೆಂದು ನೋಡಿಕೊಂಡೆ, ಬಾಸ್ ಕಂಪನಿಯ ಹೆಚ್ಚಿನ ಪೆಡಲ್‌ಗಳಲ್ಲಿ ಅದು ಇರುತ್ತದೆ. ಹಳೆಯ ಶೈಲಿಯ ಫಜ್ ಇದ್ದರೆ ಮಾತ್ರ ಅದನ್ನು ಬಫರ್‌ಗಿಂತಲೂ ಮೊದಲು, ಗಿಟಾರ್‌ಗೆ ನೇರವಾಗಿ ಜೋಡಿಸಬೇಕು. ಫಜ್ ಫೇಸ್ ಬಗೆಯವು ತಂತಿಗಳ ಕಂಪನ ಹಿಡಿಯುವ ಗಿಟಾರ್‌ನ ಪಿಕಪ್ ಜೊತೆ ನೇರ ಸಂಬಂಧ ಇದ್ದಾಗಲೇ ಸರಿಯಾಗಿ ಉಲಿಯುತ್ತವೆ.

ಬಳಸಿದ ಪೆಡಲ್ ಕೊಳ್ಳುವುದು ನನ್ನ ಮಟ್ಟಿಗೆ ಹೊಸ ಅಗ್ಗದ್ದಕ್ಕಿಂತಲೂ ಲಾಭ. ಬಾಸ್ ಕಂಪನಿಯ ಡಿಎಸ್-1, ಎಸ್‌ಡಿ-1 ಓವರ್‌ಡ್ರೈವ್‌ನಂಥವು ದಶಕಗಳಿಂದ ತಯಾರಾಗುತ್ತಿರುವುದರಿಂದ ಕೈ ಬದಲಾಯಿಸಿದವು ಹೇರಳವಾಗಿ ಸಿಗುತ್ತವೆ. ಕೊಳ್ಳುವ ಮುನ್ನ ಬ್ಯಾಟರಿ ಗೂಡು ತೆರೆದು ನೋಡುತ್ತೇನೆ. ಹಸಿರು ಬಿಳಿ ಹುಡಿ ಕಂಡರೆ ಬ್ಯಾಟರಿ ಸೋರಿದೆ ಅಂತ ಅರ್ಥ, ಅದನ್ನು ಬಿಟ್ಟುಬಿಡುತ್ತೇನೆ. ಆನ್ ಇರುವಾಗ ಪ್ರತಿ ನಾಬನ್ನೂ ಪೂರ್ತಿ ತಿರುಗಿಸುತ್ತೇನೆ. ಚರಚರ ಅಂದರೆ ಚಿಂತೆಯಿಲ್ಲ, ಹೆಚ್ಚಿನ ಸಲ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ಜಾಕ್‌ನಲ್ಲಿ ಕೇಬಲ್ಲನ್ನು ಅಲುಗಿಸಿದಾಗ ಸದ್ದು ಕಡಿದುಹೋದರೆ ಬೆಸುಗೆ ಸಡಿಲವಾಗಿರಬಹುದು. ಬೆಸುಗೆ ಹಾಕಲು ಬರುವವರಿಗೆ ಅದು ಸಣ್ಣ ಕೆಲಸ, ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು. ಕಾಲ್ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿ, ಒಮ್ಮೆಯೂ ತಪ್ಪದೆ ಬದಲಾಗುತ್ತದೆಯೇ ಎಂದು ನೋಡುವುದನ್ನು ಬಿಡಬೇಡಿ.

ಮೂರನೆಯದಾಗಿ ಕೊಂಡದ್ದು ಸರಳವಾದ, ಒಂದೇ ಸ್ವಿಚ್ಚಿನ ಲೂಪರ್. ನುಡಿಸಿದ ಸ್ವರಗುಚ್ಛವನ್ನು ಹಿಡಿದಿಟ್ಟು ತಾನೇ ಮತ್ತೆ ಮತ್ತೆ ನುಡಿಸುವ ಪೆಡಲ್ ಅದು. ಸಾಮಾನ್ಯವಾಗಿ ಅದನ್ನು ಸಾಲಿನ ಕೊನೆಯಲ್ಲಿಟ್ಟು ಅದರ ಮೇಲೆ ಅಭ್ಯಾಸ ಮಾಡುತ್ತಾರೆ. ಹೊಸ ಪೆಡಲ್ ಪರೀಕ್ಷಿಸುವಾಗ ನಾನು ಅದನ್ನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ಪೆಡಲ್‌ಗಳನ್ನೆಲ್ಲ ಆಫ್ ಮಾಡಿ, ಮೆತ್ತಗೂ ಜೋರಾಗಿಯೂ ಮೀಟಿದ ಒಂದು ತುಣುಕನ್ನು ಅದರಲ್ಲಿ ಹಿಡಿದು ಓಡಲು ಬಿಡುತ್ತೇನೆ. ಆಗ ಎರಡು ಕೈಯೂ ಖಾಲಿ. ಅದೇ ತುಣುಕು ಹರಿಯುತ್ತಿರುವಾಗ ಗೇನ್ ಒಂದು ಕೂದಲಷ್ಟು ಏರಿಸಿದರೆ ಏನಾಗುತ್ತದೆ, ಟೋನ್ ಎಲ್ಲಿ ಕಿವಿಗೆ ಚುಚ್ಚಲು ಶುರುವಾಗುತ್ತದೆ, ಎರಡು ಓವರ್‌ಡ್ರೈವ್‌ಗಳಲ್ಲಿ ಯಾವುದು ಕೆಳಗಿನ ತಂತಿಗಳ ತೂಕ ಉಳಿಸಿಕೊಳ್ಳುತ್ತದೆ ಅನ್ನುವುದೆಲ್ಲ ಅಲ್ಲೇ ಕೇಳಿಸುತ್ತದೆ. ಮುಂದೆ ಯಾವ ಪೆಡಲ್ ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಅನ್ನುವುದನ್ನು ನಾನು ಈಗ ಹೀಗೆಯೇ ತೀರ್ಮಾನಿಸುತ್ತೇನೆ.