ಟ್ರಿಮ್ ಕೊಡುವುದು ಆಕಾಶದಲ್ಲಿ, ತೆಗೆಯುವುದು ನೆಲದಲ್ಲಿ

ಭತ್ತದ ಕೊಯ್ಲು ಮುಗಿದು ಗದ್ದೆ ಬಯಲಾದೊಡನೆ ನಮ್ಮ ತೀರ್ಥಹಳ್ಳಿ ಕಡೆ ಮಾದರಿ ವಿಮಾನಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಅವುಗಳಲ್ಲಿ ಕೆಲವು ಮೊದಲ ದಿನವೇ ಪಕ್ಕದ ಅಡಿಕೆ ತೋಟದಲ್ಲಿ ಸಿಕ್ಕಿಕೊಂಡು ಕೊನೆಗಾರರ ದೋಟಿಗಾಗಿ ಕಾಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಎಡಕ್ಕೆ ಎಳೀತಿತ್ತು, ಟ್ರಿಮ್ ಒತ್ತುತ್ತಲೇ ಇದ್ದೆ." ಒತ್ತಿದ್ದು ತಪ್ಪಲ್ಲ, ಯಾವಾಗ, ಎಷ್ಟು ಒತ್ತಬೇಕು ಮತ್ತು ಇಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೈಯಲ್ಲಿ ಹಿಡಿದು ವಿಮಾನವನ್ನು ನಡೆಸುವ ಟ್ರಾನ್ಸ್‌ಮಿಟರಿನ ಎರಡು ಸ್ಟಿಕ್ಕುಗಳ ಬದಿಯಲ್ಲಿರುವ ನಾಲ್ಕು ಪುಟ್ಟ ಗುಂಡಿಗಳೇ ಟ್ರಿಮ್. ಸ್ಟಿಕ್ ನಡುವೆ ನಿಂತಾಗ ಸಾಮಾನ್ಯ ಸರ್ವೋಗೆ (ವಿಮಾನದೊಳಗೆ ಕೂತು ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರು) ಸುಮಾರು 1,500 ಮೈಕ್ರೋಸೆಕೆಂಡಿನ ಸಂಕೇತ ಹೋಗುತ್ತದೆ. ಪೂರ್ತಿ ಆಚೀಚೆ ತಳ್ಳಿದರೆ ಅದು 1,000 ಅಥವಾ 2,000ದ ಹತ್ತಿರ ಸಾಗುತ್ತದೆ. ಟ್ರಿಮ್ ಮಾಡುವುದು ಆ ನಡುಬಿಂದುವನ್ನು ಕೊಂಚ ಸರಿಸುವ ಕೆಲಸ ಮಾತ್ರ.

ಮೊದಲ ಹಂತ ಮನೆಯ ಮೇಜಿನ ಮೇಲೆ. ಪ್ರೊಪೆಲ್ಲರ್ ಬಿಚ್ಚಿ, ಟ್ರಾನ್ಸ್‌ಮಿಟರನ್ನು ಮೊದಲು, ವಿಮಾನದ ಬ್ಯಾಟರಿಯನ್ನು ಆಮೇಲೆ ಚಾಲೂ ಮಾಡಿ, ಎಲ್ಲ ಟ್ರಿಮ್‌ಗಳನ್ನೂ ನಡುವಿಗೆ ತನ್ನಿ. ನಡುವೆ ಬಂದಾಗ ಬೀಪ್ ಸದ್ದು ಬದಲಾಗುತ್ತದೆ. ಈ ಸ್ಥಿತಿಯಲ್ಲಿ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಆಡುವ ಪಟ್ಟಿ), ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಮತ್ತು ರಡ್ಡರ್ (ಬಾಲದ ನಿಂತ ಪಟ್ಟಿ) ಮೂರೂ ನೇರವಾಗಿರಬೇಕು. ಗುರುತ್ವ ಕೇಂದ್ರ ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದೊಳಗೆ ಬರುವಂತೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಬಾಲ ಭಾರವಾದ ವಿಮಾನವನ್ನು ಎಲಿವೇಟರ್ ಟ್ರಿಮ್‌ನಿಂದ ಸರಿಪಡಿಸಲು ಹೊರಡುವವರಿಗೆ ನಾನು ಟ್ರಾನ್ಸ್‌ಮಿಟರನ್ನೇ ಕೊಡುವುದಿಲ್ಲ.

ಎರಡನೆಯದು, ಹೊತ್ತಿನ ಆಯ್ಕೆ. ಮಂಜು ಕರಗಿ, ಗುಡ್ಡದ ಗಾಳಿ ಇನ್ನೂ ಏಳದ ಬೆಳಗಿನ ಹೊತ್ತೇ ಇದಕ್ಕೆ ಸರಿ, ಏಕೆಂದರೆ ಗಾಳಿಯಲ್ಲಿ ಕೊಟ್ಟ ಟ್ರಿಮ್ ಗಾಳಿಯದ್ದೇ ಹೊರತು ವಿಮಾನದ್ದಲ್ಲ. ಶಿವಮೊಗ್ಗ ನಗರದ ಸುತ್ತಮುತ್ತಲಿನವರು ಸೋಗಾನೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣವನ್ನು ಮರೆಯದೆ, ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಬಯಲು ಯಾವ ಬಣ್ಣದ ವಲಯದಲ್ಲಿದೆ ಎಂದು ನೋಡಿಕೊಳ್ಳಬೇಕು.

ಇನ್ನು ಹಾರಾಟ. ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಮಾನ ಕೈಬಿಟ್ಟು ಎರಡು ಆಳೆತ್ತರ ಏರುವಷ್ಟರಲ್ಲಿ ಹೆಬ್ಬೆರಳನ್ನು ಸ್ಟಿಕ್ಕಿನಿಂದ ತೆಗೆದು, ತಲೆ ಬಗ್ಗಿಸಿ ಗುಂಡಿ ಹುಡುಕುತ್ತಾರೆ; ತಲೆ ಎತ್ತುವಷ್ಟರಲ್ಲಿ ವಿಮಾನ ತೋಟ ಸೇರಿರುತ್ತದೆ. ಅದು ಎಷ್ಟೇ ಎಳೆದರೂ ಸ್ಟಿಕ್ಕಿನಿಂದಲೇ ಹಿಡಿದುಕೊಂಡು ಮೂವತ್ತು ನಲವತ್ತು ಮೀಟರ್ ಎತ್ತರಕ್ಕೆ ಒಯ್ಯಿರಿ. ಅಲ್ಲಿ ಥ್ರಾಟಲನ್ನು (ಮೋಟರಿನ ವೇಗದ ಸ್ಟಿಕ್ಕು) ಅರ್ಧಕ್ಕೆ ಅಥವಾ ಅದಕ್ಕಿಂತ ತುಸು ಮೇಲಿನ ಮಟ್ಟಕ್ಕೆ ಇಳಿಸಿ, ನೀವು ದಿನವೂ ಹಾರಿಸುವ ವೇಗಕ್ಕೆ ತನ್ನಿ. ಪೂರ್ತಿ ಥ್ರಾಟಲಿನಲ್ಲಿ ಟ್ರಿಮ್ ಕೊಡಬಾರದು: ಒಂದೇ ಕೋನದಲ್ಲಿರುವ ಎಲಿವೇಟರಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಲ್ಲಿ ನೇರವಾದದ್ದು ನಿಧಾನಿಸಿದೊಡನೆ ಮೂತಿ ತಗ್ಗಿಸಬಹುದು ಅಥವಾ ಎತ್ತಬಹುದು. ಅರ್ಧ ಥ್ರಾಟಲಿನಲ್ಲಿ ನೆಟ್ಟಗೆ ಹೋಗುವ ವಿಮಾನ ಪೂರ್ತಿ ಕೊಟ್ಟಾಗ ಎಡಕ್ಕೆ ಹೊರಳಿದರೆ ಅದು ಟ್ರಿಮ್‌ನ ದೋಷವಲ್ಲ; ಮೋಟರನ್ನು ಒಂದೆರಡು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸಬೇಕಾಗುತ್ತದೆ.

ವಿಮಾನ ನಿಮ್ಮಿಂದ ದೂರ ಸಾಗುತ್ತಿರುವಾಗ, ನೇರ ಹಾರಿಸಲು ನಿಮ್ಮ ಬೆರಳು ಸ್ಟಿಕ್ಕನ್ನು ಯಾವ ಕಡೆಗೆ ಒತ್ತಿ ಹಿಡಿದಿದೆ ಎಂಬುದನ್ನು ಗಮನಿಸಿ. ಟ್ರಿಮ್ ಕೊಡಬೇಕಾದದ್ದು ಅದೇ ಕಡೆಗೆ. ವಿಮಾನ ಎಡಕ್ಕೋ ಬಲಕ್ಕೋ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಮೊದಲು ಎಲಿವೇಟರ್, ಬಳಿಕ ಏಲೆರಾನ್, ಕೊನೆಗೆ ಬೇಕಿದ್ದರೆ ರಡ್ಡರ್. ಎರಡು ಅಥವಾ ಮೂರು ಬೀಪ್ ಕೊಟ್ಟು, ಸ್ಟಿಕ್ಕನ್ನು ಮೆಲ್ಲಗೆ ನಡುವಿಗೆ ಬಿಟ್ಟು, ಎರಡು ಸೆಕೆಂಡ್ ನೋಡಿ, ಮತ್ತೆ ಹಿಡಿದುಕೊಳ್ಳಿ. ಗುಂಡಿಯನ್ನು ಒತ್ತಿಯೇ ಹಿಡಿದರೆ ಟ್ರಿಮ್ ಓಡುತ್ತದೆ, ಎಷ್ಟಾಯಿತೆಂದು ತಿಳಿಯುವುದಿಲ್ಲ. ಕಿವಿಯಿಂದ ಎಣಿಸಿ, ಕಣ್ಣು ಆಕಾಶದಲ್ಲಿರಲಿ. ಗುಂಡಿಗಳನ್ನು ನೋಡದೆಯೇ ಮುಟ್ಟುವುದನ್ನು ಮನೆಯಲ್ಲಿ ರೂಢಿಸಿಕೊಳ್ಳದೆ ಗದ್ದೆಗೆ ಬರಬೇಡಿ. ವಿಮಾನವನ್ನು ತಾನಾಗಿಯೇ ನೆಟ್ಟಗಿಡುವ ಜೈರೋ ಇದ್ದರೆ ಈ ಹೊತ್ತಿನಲ್ಲಿ ಅದನ್ನು ಆಫ್ ಮಾಡಿಡಿ. ಅದು ವಿಮಾನದ ದೋಷವನ್ನು ಮುಚ್ಚಿಹಾಕುತ್ತದೆ. ಟ್ರಿಮ್ ಅರ್ಧ ವ್ಯಾಪ್ತಿಯನ್ನು ದಾಟಿದರೂ ವಿಮಾನ ನೇರವಾಗದಿದ್ದರೆ ಇಳಿಸಿಬಿಡಿ, ದೋಷ ಬೇರೆಲ್ಲೋ ಇದೆ.

ಇಳಿದ ಮೇಲೆ ಮಾಡಬೇಕಾದದ್ದನ್ನು ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದೇ ಇಲ್ಲ. ಯಾವ ಗುಂಡಿಗೂ ಕೈ ಹಚ್ಚದೆ, ಪ್ರೊಪೆಲ್ಲರ್ ಬಿಚ್ಚಿ, ಎಲಿವೇಟರಿನ ಹಿಂದಿನ ಅಂಚು ಬಾಲದ ಸ್ಥಿರ ಭಾಗಕ್ಕಿಂತ ಎಷ್ಟು ಮಿಲಿಮೀಟರ್ ಮೇಲಿದೆ ಅಥವಾ ಕೆಳಗಿದೆ ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಬಳಿಕ ಟ್ರಿಮ್ ನಡುವಿಗೆ ತನ್ನಿ, ಎಲಿವೇಟರ್ ಸರಿಯುತ್ತದೆ. ಈಗ ಕ್ಲೆವಿಸ್ಸನ್ನು (ಸರ್ವೋದಿಂದ ಬರುವ ಪುಶ್‌ರಾಡ್ ಎಂಬ ಕಡ್ಡಿಯ ತುದಿಯಲ್ಲಿರುವ ಕೊಂಡಿ) ಹಾರ್ನಿನಿಂದ (ಎಲಿವೇಟರಿನ ಮೇಲಿನ ತೂತುಳ್ಳ ಕಿವಿ) ಕಳಚಿ, ಬರೆದುಕೊಂಡ ಅಳತೆ ಮತ್ತೆ ಬರುವವರೆಗೆ ತಿರುಗಿಸಿ. 2 ಮಿ.ಮೀ. ಪುಶ್‌ರಾಡಿನ ತಿರುಪಿನ ಸುರುಳಿಯಲ್ಲಿ ಒಂದು ಸುತ್ತಿಗೆ 0.4 ಮಿ.ಮೀ. ಸಾಗುವುದರಿಂದ ಸಾಮಾನ್ಯವಾಗಿ ಎರಡು ಮೂರು ಸುತ್ತುಗಳಲ್ಲಿ ಕೆಲಸ ಮುಗಿಯುತ್ತದೆ. ಏಲೆರಾನ್, ರಡ್ಡರ್‌ಗಳಿಗೂ ಇದೇ ಕ್ರಮ. ಇದನ್ನು ಬಿಟ್ಟರೆ ಸ್ಟಿಕ್ಕಿನ ಚಲನೆ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆಯಾಗಿ ಉಳಿಯುತ್ತದೆ; ಯಾರೋ ಅರಿಯದೆ ಟ್ರಿಮ್ ಗುಂಡಿ ತಾಗಿಸಿದರೆ ಮರಳಿ ತರಲು ಗುರುತೂ ಇರುವುದಿಲ್ಲ.

ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಸರ್ವೋದ ನಡುಬಿಂದುವನ್ನು ಬದಲಿಸುವ ಸಬ್‌ಟ್ರಿಮ್‌ನಲ್ಲಿ ಅಂಕಿ ತುಂಬಿ ಕೈತೊಳೆದುಕೊಳ್ಳುವ ಅಡ್ಡದಾರಿಯೂ ಇದೆ. ಸರ್ವೋ ತೋಳನ್ನು ಹಲ್ಲಿನ ಮೇಲೆ ನೇರ ಕೂರಿಸಲು ಆಗದೆ ಉಳಿಯುವ ಚೂರುಪಾರಿಗೆ ಸಬ್‌ಟ್ರಿಮ್ ಸಾಕು, ಅದಕ್ಕಿಂತ ಹೆಚ್ಚಿಗೆ ಬೇಡ. ಅಗ್ಗದ ಕಿಟ್‌ಗಳಲ್ಲಿ ಬರುವ ಪ್ಲಾಸ್ಟಿಕ್ ಕ್ಲೆವಿಸ್‌ಗಳನ್ನು ಕಂಡೊಡನೆ ಎಸೆದು ಲೋಹದವನ್ನು ಹಾಕಿ. ಅದರ ಮೇಲೆ ಸೈಕಲ್ ಅಂಗಡಿಯ ವಾಲ್‌ಟ್ಯೂಬಿನ ಒಂದು ತುಣುಕನ್ನು ಏರಿಸಿದರೆ ಬಾಯಿ ತೆರೆದುಕೊಳ್ಳುವುದಿಲ್ಲ. ನನ್ನ ಮೊದಲ ವಿಮಾನ ಬಿದ್ದದ್ದು ಹಾಗೆ ತೆರೆದುಕೊಂಡ ಒಂದು ಕ್ಲೆವಿಸ್ಸಿನಿಂದ.

ಥ್ರಾಟಲ್ ಟ್ರಿಮ್‌ನ ಕಥೆ ಬೇರೆ. ವಿದ್ಯುತ್ ಮೋಟರಿನ ವಿಮಾನದಲ್ಲಿ ಅದನ್ನು ಮೇಲಕ್ಕೆ ಸರಿಸಿದರೆ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಬೀಪ್ ಹೊಡೆಯುತ್ತ ಮೋಟರನ್ನು ಚಾಲೂ ಮಾಡಲು ಒಪ್ಪದಿರಬಹುದು. ಎಂಜಿನ್ ವಿಮಾನದಲ್ಲಿ ಮಾತ್ರ ಅದಕ್ಕೆ ನಿಜವಾದ ಕೆಲಸವಿದೆ: ಎಂಜಿನ್ ಮೆಲ್ಲಗೆ ಓಡುತ್ತಿರುವಂತೆ ಹಿಡಿದಿಡುವುದು ಮತ್ತು ಪೂರ್ತಿ ಇಳಿಸಿದಾಗ ನಿಲ್ಲಿಸುವುದು.

ಮತ್ತೊಮ್ಮೆ ಹಾರಿಸಿ, ಒಂದೆರಡು ಬೀಪಿಗಿಂತ ಹೆಚ್ಚು ಬೇಡಿದರೆ ಕ್ಲೆವಿಸ್ಸಿಗೆ ಅರ್ಧ ಸುತ್ತು ಕೊಡಿ. ಮಳೆಗಾಲವೆಲ್ಲ ಅಟ್ಟದಲ್ಲಿದ್ದ ವಿಮಾನಕ್ಕೆ ಕಳೆದ ವರ್ಷದ ಟ್ರಿಮ್ಮನ್ನು ನಂಬಬಾರದು. ಬಾಲ್ಸಾ ಎಂಬ ಹಗುರ ಮರದ ರೆಕ್ಕೆ ತೇವಕ್ಕೆ ತಿರುಚಿಕೊಳ್ಳುತ್ತದೆ, ನೈಲಾನ್ ಪುಶ್‌ರಾಡ್ ಬಿಸಿಲಿಗೆ ಉದ್ದವಾಗುತ್ತದೆ. ಹಾರಿಸುವ ಮುನ್ನ ರೆಕ್ಕೆಯನ್ನು ಹಿಂದಿನಿಂದ ಕಣ್ಣಳತೆಗೆ ಹಿಡಿದು ನೋಡಿ, ತಿರುಚಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿ.