ರಾಜೀನಾಮೆ ಬರೆಯುವ ಮೊದಲು ಯುಡಿಐಡಿ ಮಾಡಿಸಿ

ಆಕ್ಸಿಡೆಂಟ್‌ನಲ್ಲಿ ಕಾಲು ಹೋಗಿರಬಹುದು, ಸ್ಟ್ರೋಕ್ ಆಗಿ ಒಂದು ಕೈ ಏಳದೆ ಇರಬಹುದು, ಕಣ್ಣು ನಿಧಾನಕ್ಕೆ ಮಂಜಾಗುತ್ತಿರಬಹುದು. ಆಗ ಆಫೀಸಿನವರೂ ನೆಂಟರೂ ಒಂದೇ ಮಾತು ಹೇಳುತ್ತಾರೆ. "ಯಾಕೆ ಕಷ್ಟಪಡ್ತೀರಿ, ಬಿಟ್ಟುಬಿಡಿ." ಬಿಡಬೇಡಿ. ವಿಆರ್‌ಎಸ್ (ಸ್ವಯಂ ನಿವೃತ್ತಿ) ಅರ್ಜಿಗೂ ಸುಮ್ನೆ ಸಹಿ ಹಾಕಬೇಡಿ. ಕೆಲಸದಲ್ಲಿರುವಾಗ ನಿಮಗಿರುವ ರಕ್ಷಣೆ ದೊಡ್ಡದು, ನೀವೇ ಬಿಟ್ಟು ಬಂದ ಮೇಲೆ ಅದನ್ನು ವಾಪಸ್ ಪಡೆಯುವುದು ತುಂಬಾ ಕಷ್ಟ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಸೆಕ್ಷನ್ ಓದಿ. ಸರ್ಕಾರಿ ಇಲಾಖೆ, ನಿಗಮ, ಸರ್ಕಾರಿ ಬ್ಯಾಂಕು, ಸಾರಿಗೆ ಸಂಸ್ಥೆ ಇಂಥ ಕಡೆ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ನಿಮ್ಮನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಅದೂ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. 1995ರ ಹಳೆಯ ಕಾಯ್ದೆಯಲ್ಲೂ ಇದು ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಅವರನ್ನು ಇಲಾಖೆ ಪೆನ್ಷನ್ ಕೊಟ್ಟು ಮನೆಗೆ ಕಳಿಸಿದಾಗ, ಪೆನ್ಷನ್ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಆದರೆ ಇದನ್ನೆಲ್ಲ ಕೇಳಲು ಕೈಯಲ್ಲಿ ಕಾಗದ ಇರಬೇಕು. ಆ ಕಾಗದ ಅಂದರೆ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ, ಅಂದರೆ ದೇಶದೆಲ್ಲೆಡೆ ನಡೆಯುವ ವಿಕಲಚೇತನರ ಗುರುತಿನ ಕಾರ್ಡು. 2021ರ ಜೂನ್‌ನಿಂದ ಎರಡೂ ಸ್ವಾವಲಂಬನ್ ಕಾರ್ಡ್ ಪೋರ್ಟಲ್ ಮೂಲಕವೇ ಸಿಗುತ್ತವೆ. ಆಧಾರ್, ಫೋಟೋ, ವಿಳಾಸದ ದಾಖಲೆ ಅಪ್‌ಲೋಡ್ ಮಾಡಿ, ವೈಕಲ್ಯದ ವಿಧ ಆರಿಸಿ, ಆಸ್ಪತ್ರೆ ಆರಿಸಿದರೆ ಅರ್ಜಿ ಮುಗಿಯಿತು. ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಫಾರ್ಮ್ ತುಂಬಲು ಆಗದಿದ್ದರೆ ಏಜೆಂಟ್ ಹುಡುಕಿಕೊಂಡು ಹೋಗಬೇಡಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಇದು ಅವರ ಕೆಲಸವೇ.

ಊರು ಕಲಬುರಗಿ, ಕೆಲಸ ಬೆಂಗಳೂರು ಅನ್ನುವವರಿಗೆ ಒಂದು ಮಾತು. ವಾಸದ ಜಿಲ್ಲೆಯ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ನೀವು ಚಿಕಿತ್ಸೆ ಪಡೆದ ಅಧಿಕೃತ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರ ಕೇಳಬಹುದು ಎಂದು ನಿಯಮವೇ ಹೇಳುತ್ತದೆ.

ನಿಜವಾದ ಪರೀಕ್ಷೆ ಇರುವುದು ಆಸ್ಪತ್ರೆಯಲ್ಲಿ. ಅಲ್ಲಿ ವೈದ್ಯರಿಗೆ ನಿಮ್ಮ ಕಥೆ ಪೂರ್ತಿ ಕೇಳಲು ಸಮಯ ಇರುವುದಿಲ್ಲ, ಸಾಲು ಉದ್ದ ಇರುತ್ತದೆ, ಅದಕ್ಕೇ ಮಾತಿಗಿಂತ ಕಾಗದ ಜಾಸ್ತಿ ಕೆಲಸ ಮಾಡುತ್ತದೆ. ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ, ಎಕ್ಸ್‌ರೇ, ಫಿಸಿಯೋಥೆರಪಿ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಕಿವಿಯ ಸಮಸ್ಯೆಗೆ ಆಡಿಯೋಗ್ರಾಂ ಇರಲಿ, ಬೆರಾ ಎಂಬ ಇನ್ನೊಂದು ಶ್ರವಣ ಪರೀಕ್ಷೆ ಬೇಕು ಅಂದರೆ ಮಾಡಿಸಿ. ಮಾನಸಿಕ ಕಾಯಿಲೆಗೆ ಐಡಿಯಾಸ್ ಎಂಬ ಮಾಪನ ಬಳಸುತ್ತಾರೆ. ಅದು ನೋಡುವುದು ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು, ಕೆಲಸ ಇವುಗಳಲ್ಲಿ ಎಷ್ಟು ತೊಂದರೆ ಅಂತ. ಹಾಗಾಗಿ ಮನೆಯವರೊಬ್ಬರು ಜೊತೆಗೆ ಬರಲೇಬೇಕು. ಮತ್ತೆ, ನಮ್ಮ ಜನಕ್ಕೆ ಡಾಕ್ಟರ್ ಮುಂದೆ "ಪರವಾಗಿಲ್ಲ ಸಾರ್, ಈಗ ಚೆನ್ನಾಗಿದ್ದೀನಿ" ಅನ್ನುವ ಅಭ್ಯಾಸ ಅಲ್ವಾ, ಅವತ್ತು ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೆಟ್ಟಿಲು ಹತ್ತಲು ಆಗದಿದ್ದರೆ ಆಗಲ್ಲ ಅನ್ನಿ. ನಟಿಸುವುದೂ ಬೇಡ, ಮುಚ್ಚಿಡುವುದೂ ಬೇಡ.

ಈಗ ಪರ್ಸೆಂಟ್ ವಿಷಯ, ಅಂದರೆ ಪ್ರಮಾಣಪತ್ರದಲ್ಲಿ ಬರೆಯುವ ವೈಕಲ್ಯದ ಪ್ರಮಾಣ. ಮೊದಲು ಯಾವುದು ಲೆಕ್ಕಕ್ಕೆ ಬರುತ್ತದೆ ನೋಡಿ. ಹಳೆಯ ಕಾಯ್ದೆಯಲ್ಲಿ ವೈಕಲ್ಯದ 7 ವಿಧ ಇದ್ದದ್ದು ಈಗ 21 ಆಗಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್, ಹಿಮೋಫೀಲಿಯಾ, ಥಲಸ್ಸೀಮಿಯಾ, ಆಸಿಡ್ ದಾಳಿ ಎಲ್ಲವೂ ಇವೆ. ಬರೀ ಶುಗರ್, ಬಿಪಿ ಇದ್ದರೆ ಸಾಲದು, ಆದರೆ ಶುಗರ್‌ನಿಂದ ಕಾಲು ತೆಗೆದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. 40 ಪರ್ಸೆಂಟ್ ಅಥವಾ ಹೆಚ್ಚು ಇದ್ದರೆ ಮೀಸಲಾತಿ, ಪೆನ್ಷನ್, ತೆರಿಗೆ ರಿಯಾಯಿತಿಗಳ ಬಾಗಿಲು ತೆರೆಯುತ್ತದೆ. ಕಾರ್ಡಿನ ಬಣ್ಣವೂ ಅದನ್ನೇ ಹೇಳುತ್ತದೆ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಬಂತು ಅಂತ ಕಾರ್ಡನ್ನು ಮೂಲೆಗೆ ಎಸೆಯಬೇಡಿ. ಕೆಲಸದ ಜಾಗದಲ್ಲಿ ತಾರತಮ್ಯ ಮಾಡಬಾರದು, ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವುದಕ್ಕೆ 40ರ ಮಿತಿ ಇಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಬರೆಯುವಾಗ ಕೈ ಸೆಳೆಯುವ ತೊಂದರೆ ಇದ್ದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರಹಗಾರರ ಸಹಾಯ ಕೊಡಿಸಿದ್ದು ಇದೇ ಆಧಾರದ ಮೇಲೆ.

ಪರ್ಸೆಂಟ್ ತಪ್ಪಾಗಿದೆ ಅನ್ನಿಸಿದರೆ, ಅಥವಾ ಕೊಡುವುದೇ ಇಲ್ಲ ಅಂದರೆ, ಕಾರಣ ಬರವಣಿಗೆಯಲ್ಲಿ ಕೇಳಿ. ಸೆಕ್ಷನ್ 59ರ ಪ್ರಕಾರ ಮೇಲ್ಮನವಿ ಹಾಕಬಹುದು. ತಡ ಮಾಡಬೇಡಿ.

ಕಾಗದ ಕೈಗೆ ಬಂದ ಮೇಲೆ ಆಫೀಸಿಗೆ ಪತ್ರ ಕೊಡಿ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. "ನನಗೆ ಇಂಥ ವೈಕಲ್ಯ ಇದೆ, ಇಂಥ ಕೆಲಸ ಆಗುತ್ತದೆ, ಇಂಥದ್ದು ಆಗುವುದಿಲ್ಲ, ನೆಲಮಹಡಿಯಲ್ಲಿ ಜಾಗ ಬೇಕು, ರಾತ್ರಿ ಪಾಳಿ ಬೇಡ" ಹೀಗೆ ನೇರವಾಗಿ, ಏನು ಬೇಕೋ ಅದನ್ನು ಹೆಸರಿಸಿ ಬರೆಯಿರಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ ಅಥವಾ ಇಮೇಲ್ ಮಾಡಿ. ಖಾಸಗಿ ಕಂಪನಿಯಲ್ಲಿ 20(4) ಇಲ್ಲ, ಇದು ಕಾಯ್ದೆಯ ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ. ಆದರೂ ಸೆಕ್ಷನ್ 21ರ ಪ್ರಕಾರ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ಇರುವ ಕಡೆ ಇದನ್ನು ನೋಡಿಕೊಳ್ಳುವ ಸಂಪರ್ಕ ಅಧಿಕಾರಿಯೂ ಇರಬೇಕು. ಆ ನೀತಿಯ ಪ್ರತಿ ಕೊಡಿ ಎಂದು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ ನೋಡಿ, ಮಾತಿನ ಧಾಟಿಯೇ ಬದಲಾಗಬಹುದು. ಆಗಲೂ ಬಗ್ಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರಗಳಿವೆ.

ದುಡ್ಡಿನ ವಿಷಯಕ್ಕೆ ಬಂದರೆ, ಕಾರ್ಡು ಬಂದ ಕೂಡಲೇ ಖಾತೆಗೆ ತಾನಾಗಿ ಏನೂ ಬೀಳುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಅರ್ಜಿ. ಸಂಬಳದಾರರು ಮೊದಲು ವೃತ್ತಿ ತೆರಿಗೆ ನಿಲ್ಲಿಸಲು ಹೇಳಿ, 40 ಇದ್ದರೆ ವಿನಾಯಿತಿ ಇದೆ. ಆದಾಯ ತೆರಿಗೆಯಲ್ಲಿ 80ಯು ಎಂದು ಹೆಸರಾದ ಕಡಿತ 75,000 ರೂಪಾಯಿ, 80 ಪರ್ಸೆಂಟ್ ಇದ್ದರೆ 1,25,000. ಇದು ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ, ಹಾಗಾಗಿ ಎರಡೂ ಲೆಕ್ಕ ಹಾಕಿ ನೋಡಿ. ಗಾಯ ಕೆಲಸ ಮಾಡುವಾಗಲೇ ಆಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ದಾರಿ ಬೇರೆ. ಅಲ್ಲಿ ಯುಡಿಐಡಿ ನಡೆಯಲ್ಲ, ಶಾಶ್ವತ ವೈಕಲ್ಯ ಎಷ್ಟು ಎಂದು ಇಎಸ್‌ಐ ವೈದ್ಯಕೀಯ ಮಂಡಳಿಯೇ ತೀರ್ಮಾನಿಸುತ್ತದೆ. ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ 90 ಪರ್ಸೆಂಟ್ ಸಿಗುತ್ತದೆ. ಅದಕ್ಕೆ ಕಂಪನಿ ಅಪಘಾತ ವರದಿ ಕಳಿಸಿರಬೇಕು, ಕಳಿಸಿದೆಯಾ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಆದಾಯ ಇಲ್ಲದವರಿಗೆ, ತೀರಾ ಕಡಿಮೆ ಇರುವವರಿಗೆ ಅಂಗವಿಕಲ ಮಾಸಾಶನ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು, ಆದಾಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಿ. ರಿಯಾಯಿತಿ ಬಸ್ ಪಾಸ್‌ಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು.

ನಿಮಗೆ ಸಿಕ್ಕಿದ್ದು ತಾತ್ಕಾಲಿಕ ಪ್ರಮಾಣಪತ್ರವಾದರೆ ಅದರ ಮೇಲೆ ಮುಗಿಯುವ ತಾರೀಕು ಇರುತ್ತದೆ. ಅದಕ್ಕೆ ಕೆಲವು ತಿಂಗಳು ಮೊದಲೇ ಪೋರ್ಟಲ್‌ನಲ್ಲಿ ನವೀಕರಣಕ್ಕೆ ಹಾಕಿ, ಯಾಕಂದರೆ ಅವಧಿ ಮುಗಿದ ಕಾಗದ ಹಿಡಿದುಕೊಂಡು ಹೋದರೆ ಮಾಸಾಶನವೂ ನಿಲ್ಲಬಹುದು, ಆಫೀಸಿನವರಿಗೂ ಹೊಸ ನೆಪ ಸಿಗುತ್ತದೆ.