ಒಂದೇ ಐಪಿ ವಿಳಾಸಕ್ಕೆ ಎರಡು ಉತ್ತರ: ಎಆರ್‌ಪಿ ಪತ್ತೆಕಾರ್ಯದ ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಜಾಲವೊಂದರಲ್ಲಿ ಫೈಲ್ ಸರ್ವರ್ ಕೆಲವು ಕಂಪ್ಯೂಟರ್‌ಗಳಿಗೆ ಸಿಗುತ್ತಿತ್ತು, ಕೆಲವಕ್ಕೆ ಸಿಗುತ್ತಿರಲಿಲ್ಲ. ಹಿಂದಿನ ದಿನ ಸರಿಯಾಗಿದ್ದ ಕಂಪ್ಯೂಟರ್ ಮರುದಿನ ಆನ್ ಮಾಡಿದಾಗ ಸಂಪರ್ಕ ಕಳೆದುಕೊಂಡಿರುತ್ತಿತ್ತು. ಸರ್ವರಿನ ವಿಳಾಸ 192.168.10.20. ತೊಂದರೆಯಿದ್ದ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು. ಆ ವಿಳಾಸದಲ್ಲಿ ಯಾವುದೋ ಒಂದು ಯಂತ್ರವಿದೆ ಎಂದಷ್ಟೇ ಪಿಂಗ್ ಹೇಳುತ್ತದೆ, ಅದು ಯಾವ ಯಂತ್ರವೆಂದು ಹೇಳುವುದಿಲ್ಲ. ಆದ್ದರಿಂದ ಇಂತಹ ದೂರು ಬಂದಾಗ ಕೇಬಲ್ ಬದಲಿಸುವುದಕ್ಕೂ ಸರ್ವರನ್ನು ಮರುಚಾಲನೆ ಮಾಡುವುದಕ್ಕೂ ಮೊದಲು ನಾನು ಎಆರ್‌ಪಿ ಪಟ್ಟಿಯನ್ನು, ಅಂದರೆ ಯಾವ ಐಪಿ ವಿಳಾಸ ಯಾವ ಯಂತ್ರದ್ದೆಂದು ಕಂಪ್ಯೂಟರ್ ಗುರುತಿಟ್ಟುಕೊಂಡಿರುವ ಪಟ್ಟಿಯನ್ನು, ತೆರೆದು ನೋಡುತ್ತೇನೆ.

ಈಥರ್ನೆಟ್ ಫ್ರೇಮ್ (ಸ್ಥಳೀಯ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು) ತಲುಪಬೇಕಾದರೆ ಐಪಿ ವಿಳಾಸ ಸಾಲದು, ಯಂತ್ರದ ಜಾಲ ಕಾರ್ಡನ್ನು ಗುರುತಿಸುವ 48 ಬಿಟ್‌ಗಳ ಮ್ಯಾಕ್ ವಿಳಾಸ ಬೇಕು. 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮರ್ ಅವರು ಆರ್‌ಎಫ್‌ಸಿ 826 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಲ್ಲಿ ಬರೆದಿಟ್ಟ ಎಆರ್‌ಪಿ ವಿಧಾನವೇ ಇಂದಿಗೂ ಐಪಿವಿ4 ಜಾಲಗಳಲ್ಲಿ ನಡೆಯುತ್ತಿದೆ: 'ಈ ಐಪಿ ಯಾರದು?' ಎಂಬ 28 ಬೈಟ್‌ಗಳ ಪ್ರಶ್ನೆಯನ್ನು ಬ್ರಾಡ್‌ಕಾಸ್ಟ್ ಮೂಲಕ ಎಲ್ಲರಿಗೂ ಕಳುಹಿಸಲಾಗುತ್ತದೆ, ಆ ವಿಳಾಸವನ್ನು ಹೊಂದಿರುವ ಯಂತ್ರ ತನ್ನ ಮ್ಯಾಕ್ ವಿಳಾಸವನ್ನು ಕೇಳಿದವರಿಗೆ ಮಾತ್ರ ತಿಳಿಸುತ್ತದೆ. ಗುರಿ ಬೇರೆ ಜಾಲದಲ್ಲಿದ್ದರೆ ಹೊರಗಿನ ಜಾಲಕ್ಕೆ ದಾರಿಯಾದ ಗೇಟ್‌ವೇಯ ಮ್ಯಾಕ್ ವಿಳಾಸವನ್ನು ಕೇಳಲಾಗುತ್ತದೆ. ಉತ್ತರ ಕೊಟ್ಟವರು ನಿಜವಾದ ಹಕ್ಕುದಾರರೇ ಎಂದು ಪರಿಶೀಲಿಸುವ ಯಾವ ವ್ಯವಸ್ಥೆಯೂ ಇದರಲ್ಲಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಈ ವಿಧಾನದ ಬಗ್ಗೆ ಮೊದಲು ತಿಳಿದಿರಬೇಕಾದ ಸಂಗತಿಯೇ ಇದು.

ಸರ್ವರ್ ಸಿಗುತ್ತಿದ್ದ ಒಂದು ಲಿನಕ್ಸ್ ಯಂತ್ರದಲ್ಲಿಯೂ ಸಿಗದ ಇನ್ನೊಂದರಲ್ಲಿಯೂ ಎಆರ್‌ಪಿ ಪಟ್ಟಿಯನ್ನು ತೋರಿಸುವ 'ಐಪಿ ನೇಬರ್' ಆದೇಶ ಕೊಟ್ಟು ಹೋಲಿಸಿದೆ. ಒಂದೇ ಐಪಿಯ ಎದುರು ಎರಡು ಬೇರೆ ಬೇರೆ ಮ್ಯಾಕ್ ವಿಳಾಸಗಳಿದ್ದವು. ಖಚಿತಪಡಿಸಿಕೊಳ್ಳಲು ಮೂರನೆಯ ಯಂತ್ರದಿಂದ, ಎಆರ್‌ಪಿ ಪ್ರಶ್ನೆ ಕಳುಹಿಸಿ ಉತ್ತರಗಳನ್ನು ತೋರಿಸುವ ಆರ್‌ಪಿಂಗ್ ನಡೆಸಿದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಆರ್‌ಪಿಂಗ್ ಮೊದಲ ಉತ್ತರ ಬಂದೊಡನೆ ಬ್ರಾಡ್‌ಕಾಸ್ಟ್ ನಿಲ್ಲಿಸಿ, ಉತ್ತರಿಸಿದ ಯಂತ್ರವನ್ನು ಮಾತ್ರ ಕೇಳತೊಡಗುತ್ತದೆ, ಹೀಗಾಗಿ ಎರಡನೆಯ ಯಂತ್ರದ ಉತ್ತರ ಆರಂಭದಲ್ಲೊಮ್ಮೆ ಕಾಣಿಸಿಕೊಂಡು ಮರೆಯಾಗಿಬಿಡುತ್ತದೆ. ಪ್ರತಿ ಪ್ರಶ್ನೆಯನ್ನೂ ಬ್ರಾಡ್‌ಕಾಸ್ಟ್ ಆಗಿಯೇ ಕಳುಹಿಸುವ 'ಬಿ' ಆಯ್ಕೆಯನ್ನು ಸೇರಿಸಿದಾಗ ಪ್ರತಿ ಪ್ರಶ್ನೆಗೂ ಎರಡೆರಡು ಉತ್ತರಗಳು ಒಂದರ ಕೆಳಗೊಂದು ಬಂದವು.

ಎರಡು ಯಂತ್ರಗಳು ಪೈಪೋಟಿಯಲ್ಲಿ ಉತ್ತರಿಸುತ್ತಿದ್ದರೂ ಒಂದು ಕಂಪ್ಯೂಟರ್ ದಿನವಿಡೀ ತಪ್ಪು ಯಂತ್ರಕ್ಕೇ ಅಂಟಿಕೊಂಡಿರುತ್ತಿದ್ದುದು ಏಕೆ ಎಂಬುದನ್ನು ಜಾಲದ ಸಂಚಾರವನ್ನು ಸೆರೆಹಿಡಿಯುವ ಟಿಸಿಪಿಡಂಪ್ ತೋರಿಸಿಕೊಟ್ಟಿತು. ಲಿನಕ್ಸ್ ತಾನು ಕಲಿತ ವಿಳಾಸವನ್ನು ಸುಮಾರು 15ರಿಂದ 45 ಸೆಕೆಂಡುಗಳವರೆಗೆ ಖಚಿತವೆಂದು ನಂಬಿ, ಆಮೇಲೆ ಅದನ್ನು ಹಳೆಯದೆಂದು ಗುರುತಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಮತ್ತೆ ಬಳಸುವ ಸಂದರ್ಭ ಬಂದಾಗ ಮರುಪರಿಶೀಲನೆಯ ಪ್ರಶ್ನೆಯನ್ನು ಎಲ್ಲರಿಗೂ ಕಳುಹಿಸದೆ, ಪಟ್ಟಿಯಲ್ಲಿರುವ ಅದೇ ಮ್ಯಾಕ್ ವಿಳಾಸಕ್ಕೆ ನೇರವಾಗಿ ಕಳುಹಿಸುತ್ತದೆ. ಆ ಯಂತ್ರವಾದರೋ ಈ ಐಪಿ ತನ್ನದೆಂದೇ ನಂಬಿರುವುದರಿಂದ 'ಹೌದು, ನನ್ನದೇ' ಎನ್ನುತ್ತದೆ, ತಪ್ಪು ನಮೂದು ಮತ್ತೆ ಹೊಸದಾಗುತ್ತದೆ. ಕಂಪ್ಯೂಟರ್ ಮರುಚಾಲನೆಯಾಗಿ ಪಟ್ಟಿ ಖಾಲಿಯಾದಾಗ ಮಾತ್ರ ಯಾವ ಉತ್ತರ ಉಳಿಯುತ್ತದೆ ಎಂಬುದು ಹೊಸದಾಗಿ ತೀರ್ಮಾನವಾಗುತ್ತಿತ್ತು.

ಅಪರಿಚಿತ ಮ್ಯಾಕ್ ವಿಳಾಸದ ಮೊದಲ 24 ಬಿಟ್‌ಗಳು ತಯಾರಕರಿಗೆ ಐಇಇಇ ಎಂಬ ಮಾನಕ ಸಂಸ್ಥೆ ಕೊಟ್ಟಿರುವ ಸಂಖ್ಯೆಯಾಗಿದ್ದು, ಅದರಿಂದ ಅದು ಸರ್ವರ್ ಅಲ್ಲವೆಂದು ತಿಳಿಯಿತು. (ಈಚಿನ ಮೊಬೈಲುಗಳು ಯಾದೃಚ್ಛಿಕ ಮ್ಯಾಕ್ ವಿಳಾಸ ಬಳಸುವುದರಿಂದ ಅವುಗಳ ವಿಷಯದಲ್ಲಿ ಈ ಸುಳಿವು ದೊರೆಯುವುದಿಲ್ಲ.) ಆದರೆ ಯಂತ್ರ ಎಲ್ಲಿದೆ ಎಂಬುದನ್ನು ತಿಳಿಸುವುದು ಜಾಲದ ಯಂತ್ರಗಳನ್ನು ಜೋಡಿಸುವ ಸ್ವಿಚ್. ಯಾವ ಮ್ಯಾಕ್ ವಿಳಾಸದ ಫ್ರೇಮ್ ಯಾವ ಪೋರ್ಟಿನಿಂದ ಬಂತೆಂಬ ಲೆಕ್ಕವನ್ನು ಅದು ಇಟ್ಟಿರುತ್ತದೆ; ಅನೇಕ ಸ್ವಿಚ್‌ಗಳಲ್ಲಿ 300 ಸೆಕೆಂಡು ಮೌನವಾಗಿದ್ದರೆ ಆ ನಮೂದು ಅಳಿಯುವುದರಿಂದ, ಆರ್‌ಪಿಂಗ್ ನಡೆಯುತ್ತಿರುವಾಗಲೇ ಪಟ್ಟಿಯನ್ನು ನೋಡುವುದು ಒಳ್ಳೆಯದು. ಪೋರ್ಟಿನ ಜಾಡು ಹಿಡಿದು ಹೋದಾಗ ಕಣ್ಗಾವಲು ಕ್ಯಾಮೆರಾಗಳ ರೆಕಾರ್ಡರ್ ಸಿಕ್ಕಿತು, ಅದಕ್ಕೆ ಯಾರೋ ಸರ್ವರಿನ ವಿಳಾಸವನ್ನೇ ಕೈಯಾರೆ ಕೊಟ್ಟಿದ್ದರು. ವಿಳಾಸವನ್ನು ಬಳಸುವ ಮೊದಲು ಅದು ಬೇರೆ ಯಾರ ಬಳಿಯಾದರೂ ಇದೆಯೇ ಎಂದು ಕೇಳಿ ನೋಡಬೇಕೆಂದು 2008ರ ಆರ್‌ಎಫ್‌ಸಿ 5227 ಹೇಳುತ್ತದೆಯಾದರೂ ಎಲ್ಲ ಸಾಧನಗಳೂ ಅದನ್ನು ಪಾಲಿಸುವುದಿಲ್ಲ.

ರೆಕಾರ್ಡರಿಗೆ, ಐಪಿ ವಿಳಾಸಗಳನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿಯಲ್ಲಿ ಬೇರೆ ವಿಳಾಸವನ್ನು ಕಾಯ್ದಿರಿಸಿದೆ. ಅಲ್ಲಿಗೆ ಕೆಲಸ ಮುಗಿಯದು, ಏಕೆಂದರೆ ಹಳೆಯ ನಮೂದುಗಳು ಪ್ರತಿ ಯಂತ್ರದಲ್ಲಿಯೂ ಉಳಿದಿರುತ್ತವೆ. ಯಾರೂ ಕೇಳದಿದ್ದರೂ ತನ್ನ ಮ್ಯಾಕ್ ವಿಳಾಸವನ್ನು ಎಲ್ಲರಿಗೂ ಸಾರುವ ಎಆರ್‌ಪಿ ಘೋಷಣೆಯನ್ನು ಸರ್ವರಿನಿಂದ ಕಳುಹಿಸಿದೊಡನೆ ಬಹುತೇಕ ಕಂಪ್ಯೂಟರ್‌ಗಳ ಪಟ್ಟಿ ಸರಿಹೋಯಿತು. ಅಂತಹ ಘೋಷಣೆಯನ್ನು ಲೆಕ್ಕಿಸದಂತೆ ಹೊಂದಿಸಿದ್ದ ರೌಟರಿನಲ್ಲಿ ಮಾತ್ರ ನಮೂದನ್ನು ನಾನೇ ಅಳಿಸಿದೆ. ಸಿಸ್ಕೊ ರೌಟರ್‌ಗಳು ಎಆರ್‌ಪಿ ನಮೂದನ್ನು ಪೂರ್ವನಿಯೋಜಿತವಾಗಿ 4 ಗಂಟೆಗಳ ಕಾಲ ಇಟ್ಟುಕೊಳ್ಳುತ್ತವೆ, ಅಷ್ಟು ಹೊತ್ತು ಕಾಯುವ ಅಗತ್ಯವಿರಲಿಲ್ಲ. ಅನಂತರ ಬ್ರಾಡ್‌ಕಾಸ್ಟ್ ಆರ್‌ಪಿಂಗ್ ಅನ್ನು ಮತ್ತೆ ನಡೆಸಿದಾಗ ಪ್ರತಿ ಪ್ರಶ್ನೆಗೂ ಸರ್ವರಿನ ಮ್ಯಾಕ್ ವಿಳಾಸವೊಂದೇ ಬಂತು.